ಮಾವನ ರಕ್ತದಲ್ಲಿ ಅತ್ತೆಯ ಮಾತ್ರೆ

"ಮನೇಲಿ ಯಾರಾದ್ರೂ ಹಾರ್ಟ್‌ಗೆ ಮಾತ್ರೆ ತಗೋತಾರಾ?"

ಡಾಕ್ಟರಮ್ಮ ಈ ಪ್ರಶ್ನೆ ಕೇಳಿದಾಗ ನಾವು ನಾಲ್ಕು ಜನ ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತಿದ್ದೆವು. ನಾನು, ನನ್ನ ಗಂಡ, ನಾದಿನಿ, ಅತ್ತೆ. ಒಳಗೆ ಐಸಿಯುನಲ್ಲಿ ಮಾವ ಮಲಗಿದ್ದರು. ಕೇಳಿದ್ದು ಸಾಮಾನ್ಯ ಪ್ರಶ್ನೆಯೇ. ವಯಸ್ಸಾದವರಿರುವ ಯಾವ ಮನೆಯಲ್ಲಿ ಅಂಥ ಮಾತ್ರೆ ಇರುವುದಿಲ್ಲ? ಆದರೆ ಕೇಳಿದ ಮೇಲೆ ಆಕೆ ನಮ್ಮ ನಾಲ್ವರ ಮುಖವನ್ನೂ ಒಂದೊಂದಾಗಿ ನೋಡಿದರು.

"ನಾನು ತಗೋತೀನಿ" ಎಂದರು ಅತ್ತೆ. ಯಾವ ಮಾತ್ರೆ ಎಂದು ಕೇಳಿದ್ದಕ್ಕೆ ಹೆಸರನ್ನೂ ಹೇಳಿದರು.

ಡಾಕ್ಟರಮ್ಮ ಕೈಯಲ್ಲಿದ್ದ ರಿಪೋರ್ಟನ್ನು ಮತ್ತೊಮ್ಮೆ ನೋಡಿದರು. ಆಮೇಲೆ ದನಿ ತಗ್ಗಿಸಿ, "ಅದೇ ಮಾತ್ರೆ ಇವರ ಬ್ಲಡ್‌ನಲ್ಲಿ ಸಿಕ್ಕಿದೆ. ಇವರಿಗೆ ಯಾರೂ ಅದನ್ನ ಬರೆದುಕೊಟ್ಟಿಲ್ಲ. ಇರಬಾರದು ಅದು" ಎಂದರು.

ನಾದಿನಿ ತಲೆಯನ್ನು ನಿಧಾನವಾಗಿ ತಿರುಗಿಸಿ ಅತ್ತೆಯನ್ನು ನೋಡಿದಳು. ಆ ನೋಟವನ್ನು ನಾನು ಇವತ್ತಿಗೂ ಮರೆತಿಲ್ಲ.

ಅತ್ತೆ ಅಂದರೆ ನನ್ನ ಗಂಡನ ಹೆತ್ತ ತಾಯಿಯಲ್ಲ. ಹೆತ್ತ ತಾಯಿ ನಾನು ಈ ಮನೆಗೆ ಬರುವ ಮೊದಲೇ ತೀರಿಕೊಂಡಿದ್ದರು. ಮಾವ ದಾವಣಗೆರೆ ಕಡೆಯವರು. ಸರ್ಕಾರಿ ಕೆಲಸಕ್ಕೆಂದು ಬೆಂಗಳೂರಿಗೆ ಬಂದು, ಬಸವೇಶ್ವರನಗರದಲ್ಲಿ ಮನೆ ಕಟ್ಟಿ, ಇಬ್ಬರು ಮಕ್ಕಳ ಮದುವೆ ಮಾಡಿ, ನಿವೃತ್ತರಾಗಿ ಬಹಳ ವರ್ಷ ಒಬ್ಬರೇ ಕೆಳಗಿನ ಮನೆಯಲ್ಲಿದ್ದರು. ನಾನು, ನನ್ನ ಗಂಡ ಮೇಲಿನ ಮನೆಯಲ್ಲಿ. ಆಮೇಲೆ, ಅರವತ್ತೈದು ದಾಟಿದ ಮೇಲೆ, ಒಂದು ಮದುವೆಮನೆಯ ಊಟದ ಸಾಲಿನಲ್ಲಿ ಹರಿಹರದ ನಿವೃತ್ತ ಟೀಚರಮ್ಮ ಒಬ್ಬರು ಅವರ ಪಕ್ಕದಲ್ಲಿ ಕೂತರಂತೆ. ಶುಗರ್ ಇದೆ ಎಂದು ಇಬ್ಬರ ಎಲೆಯಿಂದಲೂ ನೆಂಟರು ಹೋಳಿಗೆ ಎತ್ತಿಕೊಂಡು ಹೋದರಂತೆ. ಇಬ್ಬರಿಗೂ ನಗು ಬಂತಂತೆ. ಆಕೆ ಗಂಡ ತೀರಿಕೊಂಡವರು, ಮಕ್ಕಳಿಲ್ಲ. ಮುಂದಿನ ವರ್ಷ ಮಠವೊಂದರಲ್ಲಿ ಹತ್ತಿಪ್ಪತ್ತು ಜನರ ಮುಂದೆ ಅವರಿಬ್ಬರ ಮದುವೆಯಾಯಿತು.

ನನ್ನ ಗಂಡ ಏನೂ ಅನ್ನಲಿಲ್ಲ. ಅವನು ಯಾವುದಕ್ಕೂ ಬೇಗ ಏನೂ ಅನ್ನುವವನಲ್ಲ. ಆದರೆ ಕೆಂಗೇರಿ ಉಪನಗರದಲ್ಲಿರುವ ನಾದಿನಿ ಮದುವೆಗೂ ಬರಲಿಲ್ಲ. "ಈ ವಯಸ್ಸಲ್ಲಿ ಅಪ್ಪಂಗೆ ಇದೆಲ್ಲ ಬೇಕಿತ್ತಾ ಅತ್ತಿಗೆ?" ಎಂದು ನನಗೆ ಫೋನಿನಲ್ಲಿ ಕೇಳಿದ್ದಳು. ಆಮೇಲೆ ಹಬ್ಬಕ್ಕೆ ಬಂದರೂ ಅತ್ತೆಯನ್ನು ಏನೆಂದೂ ಕರೆಯದೆ, "ಅವರು ಎಲ್ಲಿ?" "ಅವರಿಗೆ ಹೇಳಿ" ಎಂದೇ ಕಾಲ ತಳ್ಳುತ್ತಿದ್ದಳು.

ನನಗೆ ಮಾತ್ರ ಆಕೆ ಬಂದದ್ದು ಒಳ್ಳೆಯದೇ ಆಗಿತ್ತು. ನಾನು ರಾಜಾಜಿನಗರದ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಆಸ್ಪತ್ರೆಗಳಿಂದ ಬರುವ ಡಿಸ್ಚಾರ್ಜ್ ಕಾಗದಗಳನ್ನು ಓದಿ, ಎಲ್ಲಿ ಸುಳ್ಳಿದೆ, ಎಲ್ಲಿ ಹೊಂದಿಕೆಯಾಗುತ್ತಿಲ್ಲ ಎಂದು ಹುಡುಕುವುದು ನನ್ನ ಕೆಲಸ. ಇಡೀ ದಿನ ಅನುಮಾನ ಪಟ್ಟು ಸಾಕಾಗಿ ಸಂಜೆ ಗೇಟು ತೆಗೆದರೆ ಅತ್ತೆ ಕೆಳಗಿನ ಕಿಟಕಿಯಿಂದಲೇ, "ಬಾರವ್ವ, ರೊಟ್ಟಿ ಬಿಸಿ ಐತಿ" ಎಂದು ಕರೆಯುತ್ತಿದ್ದರು. ಮೆಟ್ಟಿಲು ಹತ್ತುವ ಮೊದಲೇ ಹೊಟ್ಟೆ ತುಂಬಿರುತ್ತಿತ್ತು.

ಮಾವನಿಗೆ ಹುಷಾರು ತಪ್ಪಿದ್ದು ಬೇಸಿಗೆ ಶುರುವಾಗುವ ಹೊತ್ತಿಗೆ. ಮೊದಲು ಬರೀ ಓಕರಿಕೆ. ಬೆಳಿಗ್ಗೆ ಪೂಜೆ ಮುಗಿಸಿ ತಿಂಡಿ ತಿಂದರೆ ಸಾಕು, ಬಚ್ಚಲಿಗೆ ಓಡುತ್ತಿದ್ದರು. ಬೀದಿ ಕೊನೆಯ ಕ್ಲಿನಿಕ್ಕಿನಲ್ಲಿ ಗ್ಯಾಸ್ಟ್ರಿಕ್ ಎಂದರು. ಅತ್ತೆ ಖಾರ ಬಿಟ್ಟರು, ಎಣ್ಣೆ ಬಿಟ್ಟರು, ಗಂಜಿ ಮಾಡಿದರು. ನನ್ನ ಗಂಡ ಸಂಪು ತೊಳೆಸಿದ, ಕುಡಿಯುವ ನೀರಿನ ಕ್ಯಾನು ಬದಲಿಸಿದ. ಕಡಿಮೆಯಾಗಲಿಲ್ಲ. ಒಂದು ಬೆಳಿಗ್ಗೆ ನಾನು ಆಫೀಸಿಗೆ ಹೊರಡುತ್ತಾ ಕೆಳಗೆ ಇಣುಕಿದರೆ ಮಾವ ಸೋಫಾದಲ್ಲಿ ಕೂತು ಮೇಲೆ ನೋಡುತ್ತಿದ್ದರು.

"ಯಾಕವ್ವ ಈ ಟ್ಯೂಬ್‌ಲೈಟು ಹಳದಿ ಆಗೇತಿ?"

ಟ್ಯೂಬ್‌ಲೈಟು ಬೆಳ್ಳಗೇ ಇತ್ತು. ನಾನು ಅದನ್ನು ಹೇಳುವಷ್ಟರಲ್ಲಿ ಅವರು ಏಳಲು ಹೋಗಿ ಅಲ್ಲೇ ಕುಸಿದರು. ಅತ್ತೆ ಓಡಿಬಂದು ಅವರ ತಲೆ ಹಿಡಿದುಕೊಂಡರು. ಮಣಿಕಟ್ಟು ಹಿಡಿದು ನೋಡಿದರೆ ನಾಡಿ ಒಂದು ಸಲ ಬಡಿದು, ಮರೆತುಹೋದಂತೆ ನಿಂತು, ಮತ್ತೆ ಬಡಿಯುತ್ತಿತ್ತು.

ಆ ಸಲ ಆಸ್ಪತ್ರೆಯಲ್ಲಿ ಕೆಲವೇ ದಿನಗಳಲ್ಲಿ ಚೇತರಿಸಿಕೊಂಡರು. ಊಟ ಸೇರಿತು, ನಾಡಿ ನೆಟ್ಟಗಾಯಿತು. ವಯಸ್ಸಿನ ಕಾರಣ ಇರಬಹುದು, ಮುಂದೆ ಪೇಸ್‌ಮೇಕರ್ ಬೇಕಾಗಬಹುದು ಎಂದು ಕಳಿಸಿದರು. ಮನೆಗೆ ಬಂದು ಎರಡು ವಾರ ಕಳೆದಿರಲಿಲ್ಲ, ಮತ್ತೆ ಅದೇ ವಾಂತಿ, ಅದೇ ಹಳದಿ, ಅದೇ ಮಂದ ನಾಡಿ. ಆಸ್ಪತ್ರೆಯಲ್ಲಿ ವಾಸಿಯಾಗುವ ಮನುಷ್ಯ ಮನೆಗೆ ಬಂದರೆ ಯಾಕೆ ಬೀಳುತ್ತಾನೆ? ಈ ಪ್ರಶ್ನೆ ಡಾಕ್ಟರಮ್ಮನಿಗೂ ಬಂದಿರಬೇಕು. ಅದಕ್ಕೇ ಆ ರಕ್ತ ಪರೀಕ್ಷೆ ಮಾಡಿಸಿದ್ದರು. ಅದರ ಉತ್ತರವೇ ಕಾರಿಡಾರಿನಲ್ಲಿ ನಮ್ಮ ಮುಂದೆ ಬಂದು ನಿಂತದ್ದು.

ವಿಷದ ಅನುಮಾನ ಬಂದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬೇಕು. ಅದು ನನಗೆ ಗೊತ್ತಿತ್ತು, ಎಷ್ಟೋ ಕಾಗದಗಳಲ್ಲಿ ಓದಿದ್ದೆ. ಓದುವುದು ಬೇರೆ, ನಮ್ಮ ಮಾವನ ಮಂಚದ ಪಕ್ಕ ಒಬ್ಬ ಹೆಡ್ ಕಾನ್‌ಸ್ಟೇಬಲ್ ಸ್ಟೂಲು ಎಳೆದುಕೊಂಡು ಕೂರುವುದು ಬೇರೆ. ಮಾವನನ್ನು ಅಷ್ಟರಲ್ಲಿ ವಾರ್ಡಿಗೆ ಹಾಕಿದ್ದರು. ಆ ಮನುಷ್ಯ ಒರಟನೇನಲ್ಲ. ಮೆತ್ತಗೆ ಕೇಳಿದ.

"ಸಾರ್, ಮನೇಲಿ ಅಡುಗೆ ಯಾರು ಮಾಡೋದು?"

"ನನ್ನ ಹೆಂಡ್ತಿ" ಎಂದರು ಮಾವ.

"ಜಗಳ ಗಿಗಳ ಏನಾದ್ರೂ?"

"ಇಲ್ಲ."

ಬಾಗಿಲ ಹತ್ತಿರ ನಿಂತಿದ್ದ ನಾದಿನಿಗೆ ತಡೆಯಲಾಗಲಿಲ್ಲ. "ಅಪ್ಪ, ನಿಜ ಹೇಳಿ. ಹೆದರಬೇಡಿ. ನಾವಿದೀವಿ" ಎಂದಳು. ಅತ್ತೆ ಕಿಟಕಿಯ ಪಕ್ಕ ನಿಂತಿದ್ದರು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ. ಮಾವ ಒಮ್ಮೆ ಮಗಳನ್ನು ನೋಡಿದರು, ಒಮ್ಮೆ ಹೆಂಡತಿಯನ್ನು ನೋಡಿದರು. ಆಮೇಲೆ ಕಾನ್‌ಸ್ಟೇಬಲ್ ಕಡೆ ತಿರುಗಿ, ಗಟ್ಟಿಯಾಗಿ, "ನಾನೇ ತಪ್ಪಿ ತಿಂದೆ. ಅವಳ ಮಾತ್ರೆ ನನ್ನದು ಅಂತ ತಿಳ್ಕೊಂಡು ತಿಂದೆ. ಹಂಗೇ ಬರ್ಕೊಳ್ರಿ. ಯಾರ ತಪ್ಪೂ ಇಲ್ಲ" ಎಂದರು.

ಕಾನ್‌ಸ್ಟೇಬಲ್ ಬರೆದುಕೊಂಡ. ಸಹಿ ಹಾಕಿಸಿಕೊಂಡ. "ಮಾತ್ರೆ ಬೇರೆ ಬೇರೆ ಇಡಮ್ಮ ಇನ್ಮೇಲೆ" ಎಂದು ಅತ್ತೆಗೆ ಹೇಳಿ ಹೋದ. ನನಗೆ ಉಸಿರು ಬಂದ ಹಾಗಾಯಿತು. ಇಷ್ಟೇನಾ, ಮರೆವಿನಿಂದ ಆದದ್ದಾ ಎಂದು ಸಮಾಧಾನದಿಂದ ಅತ್ತೆಯ ಕಡೆ ನೋಡಿದರೆ ಅವರ ಮುಖ ಬಿಳಚಿಕೊಂಡಿತ್ತು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಕಾಫಿ ಮುಂದಿಟ್ಟುಕೊಂಡು ಕೂತಾಗ ಅವರು ನನಗೆ ಹೇಳಿದರು. "ಅವರು ನನ್ನ ಮಾತ್ರೆ ಮುಟ್ಟೇ ಇಲ್ಲವ್ವ. ಅದು ನನ್ನ ಬ್ಯಾಗಿನಾಗ ಇರ್ತೈತಿ. ಬ್ಯಾಗು ನನ್ನ ಬೀರುವಿನಾಗ."

"ಮತ್ತೆ ಯಾಕೆ ಹಾಗಂದ್ರು?"

ಅತ್ತೆ ಕಾಫಿಯ ಮೇಲೆ ಕಟ್ಟಿದ್ದ ಕೆನೆಯನ್ನು ನೋಡುತ್ತಾ ಕೂತರು. "ನನ್ನ ಉಳಿಸಾಕ" ಎಂದರು. "ಉಳಿಸಬೇಕು ಅಂತ ಅನಿಸಿದ್ರೆ, ನಾನು ಮಾಡಿದೀನಿ ಅಂತಾನೂ ಅನಿಸಿರಬೇಕಲ್ಲ. ನನ್ನ ಹೆಂಡ್ತಿ ಅಂಥಾಕಿ ಅಲ್ಲ ಅನ್ನಬಹುದಿತ್ತು. ಅಷ್ಟು ಅಂದಿದ್ರೆ ಸಾಕಿತ್ತು."

ಮಾವ ಸುಳ್ಳು ಹೇಳಿದ್ದರೆ ಆ ಮಾತ್ರೆ ಅವರ ಒಳಗೆ ಹೋದದ್ದು ಹೇಗೆ? ಅತ್ತೆ ಸುಳ್ಳು ಹೇಳುತ್ತಿದ್ದರೆ? ಎದುರಿಗೆ ಕೂತ ಆ ಮುಖವನ್ನು ನೋಡಿಕೊಂಡೇ ನನ್ನ ತಲೆ ಎರಡೂ ಕಡೆ ಓಡಿತು. ಆಫೀಸಿನಲ್ಲಿ ಕಲಿತ ಬುದ್ಧಿ ಮನೆಯಲ್ಲಿ ನಿಲ್ಲು ಎಂದರೆ ನಿಲ್ಲುವುದಿಲ್ಲ.

ಡಿಸ್ಚಾರ್ಜ್ ಆದ ದಿನ ನಾದಿನಿ ಯಾರನ್ನೂ ಕೇಳಲಿಲ್ಲ. ಕಾರು ತಂದು, ಅಪ್ಪನ ಬಟ್ಟೆಬರೆ, ಔಷಧಿ, ಪೂಜೆಯ ಚೀಲ ಎಲ್ಲವನ್ನೂ ಹಿಂದಿನ ಸೀಟಿಗೆ ಹಾಕಿ, "ಅಪ್ಪ ನಮ್ಮನೇಲಿ ಇರ್ತಾರೆ. ಅಲ್ಲಿ ಏನೂ ಆಗಲ್ಲ" ಎಂದು ಹೇಳಿ ಕೆಂಗೇರಿಗೆ ಕರೆದುಕೊಂಡು ಹೋದಳು. ಮಾವ ಬೇಡವೆನ್ನಲಿಲ್ಲ. ಅತ್ತೆ ಗೇಟಿನ ಒಳಗೇ ನಿಂತಿದ್ದರು. ಎರಡು ದಿನ ಬಿಟ್ಟು ಅವರೂ ಹರಿಹರಕ್ಕೆ, ತಮ್ಮನ ಮನೆಗೆ ಹೊರಟರು. ಹೊರಡುವ ಮೊದಲು ಬ್ಯಾಗು ತೆಗೆದು ನನ್ನ ಮುಂದೆ ಹಿಡಿದು, "ನೋಡವ್ವ, ನನ್ನ ಮಾತ್ರೆ ಎಲ್ಲಾ ತಗೊಂಡು ಹೊಂಟೀನಿ. ಈ ಮನೆಯಾಗ ಒಂದೂ ಬಿಟ್ಟಿಲ್ಲ" ಎಂದರು. ಯಶವಂತಪುರದಲ್ಲಿ ರೈಲು ಹತ್ತಿಸಿ ಬಂದೆ. ಅವರು ಕಿಟಕಿಯಿಂದ ಕೈ ಬೀಸಲಿಲ್ಲ.

ಆಮೇಲಿನ ದಿನಗಳು ವಿಚಿತ್ರವಾಗಿದ್ದವು. ಕೆಳಗಿನ ಮನೆ ಖಾಲಿ. ನಾನು ಒಂದು ಭಾನುವಾರ ಅಲ್ಲಿಗೆ ಇಳಿದು ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೆಗೆದು ಮೂಸಿದೆ. ಸಾರಿನ ಪುಡಿ, ಮೆಂತ್ಯದ ಹಿಟ್ಟು, ಉಪ್ಪು. ಏನು ಹುಡುಕುತ್ತಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ. ಕೊನೆಗೆ ಎಲ್ಲವನ್ನೂ ಕವರಿಗೆ ಸುರಿದು ಕಸದ ಗಾಡಿಗೆ ಹಾಕಿದೆ. ಮೇಲೆ ನಮ್ಮ ಮನೆಯಲ್ಲೂ ಗಂಡ ತುತ್ತು ಬಾಯಿಗಿಡುವಾಗ ನಾನು ಅವನ ಮುಖ ನೋಡುತ್ತಿದ್ದೆ. ಅವನು ಒಂದು ಸಲ ಕೆಮ್ಮಿದರೂ ಎದ್ದು ನಿಲ್ಲುತ್ತಿದ್ದೆ. "ಹೀಗೆ ನೋಡ್ಬೇಡ ಕಣೇ, ಊಟ ಇಳಿಯಲ್ಲ" ಎಂದು ಅವನು ತಟ್ಟೆ ಹಿಡಿದುಕೊಂಡು ಟಿವಿ ಮುಂದೆ ಹೋಗಿ ಕೂರುತ್ತಿದ್ದ.

ಕೆಂಗೇರಿಯಿಂದ ಒಳ್ಳೆಯ ಸುದ್ದಿಯೇ ಬರುತ್ತಿತ್ತು. ಅಪ್ಪ ಚೆನ್ನಾಗಿದ್ದಾರೆ, ಎರಡು ಹೊತ್ತು ಊಟ ಮಾಡುತ್ತಿದ್ದಾರೆ, ಸಂಜೆ ವಾಕಿಂಗ್ ಶುರುಮಾಡಿದ್ದಾರೆ ಎಂದು ನಾದಿನಿ ಹೇಳುತ್ತಿದ್ದಳು. ಒಂದೊಂದು ಸುದ್ದಿಯೂ ಅತ್ತೆಯ ವಿರುದ್ಧ ನುಡಿದ ಒಂದೊಂದು ಸಾಕ್ಷಿಯಂತೆ ನನಗೆ ಕೇಳಿಸುತ್ತಿತ್ತು. "ನೋಡಿದ್ರಾ ಅತ್ತಿಗೆ? ನಾನು ಹೇಳಿರಲಿಲ್ವಾ?" ಎಂದು ಕೊನೆಗೆ ಸೇರಿಸುತ್ತಿದ್ದಳು. ನಾನು ಒಂದು ಭಾನುವಾರ ಮಾವನಿಗೆ ಇಷ್ಟವೆಂದು ಕಡುಬು ಮಾಡಿಕೊಂಡು ಹೋಗಿ ಕೊಟ್ಟು ಬಂದೆ. ಆರಾಮಾಗಿದ್ದರು. ಆದರೆ ಹೆಂಡತಿಯ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಅದೇ ವಾರದಲ್ಲಿ ಆಫೀಸಿನಲ್ಲಿದ್ದಾಗ ನಾದಿನಿಯ ಫೋನು ಬಂತು. ಎತ್ತಿದರೆ ಮೊದಲು ಬರೀ ಉಸಿರಾಟ ಕೇಳಿಸಿತು.

"ಅತ್ತಿಗೆ, ಅಪ್ಪ ಇವತ್ತು ಪೂಜೆಗೆ ಕೂರೋ ಮೊದಲೇ ಮತ್ತೆ ಬಿದ್ಬಿಟ್ರು. ವಾಂತಿ ಮಾಡ್ಕೊಂಡು… ಗೋಡೆ ಹಳದಿ ಕಾಣ್ತಿದೆ ಅಂತಿದಾರೆ. ಅದೇ ಆಸ್ಪತ್ರೆಗೆ ಕರ್ಕೊಂಡು ಬಂದಿದೀವಿ." ಒಂದು ಕ್ಷಣ ಬಿಟ್ಟು, ಗುರುತೇ ಸಿಗದ ದನಿಯಲ್ಲಿ, "ಅಡುಗೆ ನಾನೇ ಮಾಡಿದ್ದು ಅತ್ತಿಗೆ. ಎಲ್ಲಾ ನಾನೇ" ಎಂದಳು.

ಆಸ್ಪತ್ರೆ ತಲುಪುವಷ್ಟರಲ್ಲಿ ರಕ್ತದ ಫಲಿತಾಂಶ ಬಂದಿತ್ತು. ಅದೇ ಮಾತ್ರೆ. ಹರಿಹರದಲ್ಲಿ ಒಂದು ಬ್ಯಾಗಿನೊಳಗಿರುವ ಮಾತ್ರೆ ಕೆಂಗೇರಿಯಲ್ಲಿರುವ ಮನುಷ್ಯನ ರಕ್ತದಲ್ಲಿ. ಡಾಕ್ಟರಮ್ಮ ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ಒತ್ತಿಕೊಂಡರು. "ನನಗೆ ಅರ್ಥ ಆಗ್ತಿಲ್ಲ. ಪೊಲೀಸ್‌ಗೆ ಮತ್ತೆ ಹೇಳಲೇಬೇಕು. ಈ ಸಲ ಅವರು ಸುಮ್ಮನೆ ಬಿಡಲ್ಲ" ಎಂದರು.

ನಾದಿನಿ ಕುರ್ಚಿಯಲ್ಲಿ ಮುದುಡಿಕೊಂಡು ಕೂತಿದ್ದಳು. ನಾನು ಪಕ್ಕದಲ್ಲಿ ಕೂತೆ. ಅವಳು ನನ್ನ ಕಡೆ ನೋಡದೆ ಕೇಳಿದಳು. "ಭಾನುವಾರ ನೀವು ಕಡುಬು ತಂದಿದ್ರಲ್ಲ. ಅದಕ್ಕೆ ಏನೇನು ಹಾಕಿದ್ರಿ?"

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೆದರಿಕೆಯೇ ಬಂತು. ನಾಳೆ ಆ ಕಾನ್‌ಸ್ಟೇಬಲ್ ಸ್ಟೂಲು ಎಳೆದುಕೊಂಡು ನನ್ನ ಮುಂದೆ ಕೂತರೆ ಏನು ಹೇಳಲಿ? ಅಕ್ಕಿಹಿಟ್ಟು, ಬೇಳೆ, ಜೀರಿಗೆ ಎಂದರೆ ಯಾರು ನಂಬುತ್ತಾರೆ? ಅತ್ತೆ ಕಿಟಕಿಯ ಪಕ್ಕ ಸೆರಗು ಸುತ್ತುತ್ತಾ ನಿಂತಿದ್ದಾಗ ಅವರೊಳಗೆ ಏನಾಗುತ್ತಿತ್ತೆಂದು ಆ ಕುರ್ಚಿಯಲ್ಲಿ ನನಗೆ ತಿಳಿಯಿತು.

"ಕಡುಬು ನೀವೆಲ್ಲರೂ ತಿಂದ್ರಿ" ಎಂದೆ ಕೊನೆಗೆ. "ನೀನು ತಿಂದೆ, ಮಕ್ಕಳು ತಿಂದ್ರು. ನಿಮಗ್ಯಾರಿಗೂ ಏನೂ ಆಗಿಲ್ಲ."

"ಹೌದು" ಎಂದಳು. ಆಮೇಲೆ ಅಳು ತಡೆಯಲಾರದೆ, "ನನ್ನ ಅಡುಗೇನೂ ಎಲ್ಲರೂ ತಿಂತೀವಿ ಅತ್ತಿಗೆ" ಎಂದಳು.

ಅಲ್ಲೇ ನನ್ನ ತಲೆಯಲ್ಲಿ ಒಂದು ಬಾಗಿಲು ತೆರೆದುಕೊಂಡಿತು. ಬಸವೇಶ್ವರನಗರದಲ್ಲೂ ಅತ್ತೆ ಮಾಡಿದ್ದನ್ನು ನಾನು ದಿನಾ ಸಂಜೆ ತಿನ್ನುತ್ತಿದ್ದೆ. ಅಡುಗೆ ಬದಲಾಗಿದೆ, ನೀರು ಬದಲಾಗಿದೆ, ಮನೆ ಬದಲಾಗಿದೆ. ಹಾಗಾದರೆ ಮಾವ ಒಬ್ಬರೇ ಬಾಯಿಗೆ ಹಾಕಿಕೊಳ್ಳುವುದು ಏನು? ಅಲ್ಲಿಂದ ಕೆಂಗೇರಿಗೆ ಅವರ ಜೊತೆ ಬಂದದ್ದು ಏನು? ಔಷಧಿಗಳನ್ನು ಡಾಕ್ಟರಮ್ಮ ಆಗಲೇ ನೋಡಿದ್ದರು. ಅದರಲ್ಲಿ ಏನೂ ಇರಲಿಲ್ಲ.

"ಕೀ ಕೊಡು. ನಿಮ್ಮನೆಗೆ ಹೋಗಿ ಮಾವನ ಬಟ್ಟೆ ತರ್ತೀನಿ" ಎಂದೆ.

ಮೆಟ್ರೋದಲ್ಲಿ ಕೆಂಗೇರಿಗೆ ಹೋಗುವಷ್ಟು ಹೊತ್ತೂ ನನಗೆ ಕೂರಲಾಗಲಿಲ್ಲ, ಸೀಟಿದ್ದರೂ ಬಾಗಿಲ ಹತ್ತಿರ ನಿಂತೇ ಹೋದೆ. ನಾದಿನಿಯ ಮನೆಯ ಹಾಲಿನ ಮೂಲೆಯಲ್ಲಿ ಮಾವನಿಗೆಂದು ಒಂದು ಸಣ್ಣ ಪೂಜೆಯ ಜಾಗ ಮಾಡಿಕೊಟ್ಟಿದ್ದರು. ಮಣೆ, ವಿಭೂತಿ, ಮಡಚಿಟ್ಟ ಮಡಿಬಟ್ಟೆ. ಅದರ ಪಕ್ಕ ತಾಮ್ರದ ತಂಬಿಗೆ. ತಂಬಿಗೆಯ ತುಂಬ ನೀರು. ನೀರಿನಲ್ಲಿ ಗುಲಾಬಿ ಬಣ್ಣದ ಹೂಗಳು, ಒಂದೆರಡು ಉದ್ದ ಎಲೆಗಳೂ ಸೇರಿ, ಒತ್ತೊತ್ತಾಗಿ ತೇಲುತ್ತಿದ್ದವು.

ಕಣಗಿಲೆ.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಚಿಕ್ಕವಳಿದ್ದಾಗ ಮನೆಯ ಹಿಂದಿನ ಕಣಗಿಲೆ ಗಿಡದಿಂದ ಹೂ ಕಿತ್ತು ಬಂದರೆ ಅಮ್ಮ ನನ್ನ ಕೈಯನ್ನು ಸೋಪು ಹಾಕಿ ಉಜ್ಜಿ ತೊಳೆಯುತ್ತಿದ್ದಳು. "ಅದರ ಹಾಲು ಬಾಯಿಗೆ ಹೋದ್ರೆ ಅಷ್ಟೇ" ಎನ್ನುತ್ತಿದ್ದಳು. ದನ ಕೂಡ ಅದಕ್ಕೆ ಬಾಯಿ ಹಾಕುವುದಿಲ್ಲ. ದೇವರಿಗೆ ಏರಿಸುವ ಹೂವು, ಬೀದಿ ಬೀದಿಯಲ್ಲಿ ಇರುವ ಹೂವು. ಅದು ವಿಷವೆಂದು ಗೊತ್ತಿದ್ದೂ ನಮಗ್ಯಾರಿಗೂ ಅದು ವಿಷವಾಗಿ ಕಂಡೇ ಇರಲಿಲ್ಲ.

ತಂಬಿಗೆಯ ಬಾಯಿಗೆ ಪ್ಲಾಸ್ಟಿಕ್ ಕವರು ಕಟ್ಟಿ, ಎರಡೂ ಕೈಯಲ್ಲಿ ಹಿಡಿದು, ಆಟೋದಲ್ಲಿ ಆಸ್ಪತ್ರೆಗೆ ಬಂದೆ. ಹಳ್ಳ ದಿಣ್ಣೆ ಬಂದಾಗಲೆಲ್ಲ ನೀರು ಚೆಲ್ಲೀತೆಂದು ಜೀವ ಹೋಗುತ್ತಿತ್ತು.

ಮಾವ ಎಚ್ಚರವಾಗಿದ್ದರು. ತಂಬಿಗೆ ನೋಡಿ ಅವರಿಗೆ ಆಶ್ಚರ್ಯವಾಯಿತು. "ಅದನ್ನ್ಯಾಕ ತಂದೆವ್ವ?"

"ಮಾವ, ಈ ಹೂ ಯಾವಾಗ ಕೀಳ್ತೀರಿ?"

"ಸಂಜೆ. ವಾಕಿಂಗ್ ಹೋದಾಗ. ಅಲ್ಲಿ ರೋಡಿನ ನಡುವೆ ಸಾಲಾಗಿ ಬೆಳೆಸ್ಯಾರ. ಮಗಳು ಸೇವಂತಿಗೆ ತರಸ್ತಿದ್ಲು, ನನಗೆ ಕಣಗಿಲೆ ಇಲ್ದಿದ್ರೆ ಪೂಜೆ ಆದಂಗ ಅನ್ಸಲ್ಲ."

"ಬಸವೇಶ್ವರನಗರದಲ್ಲಿ ಬೆಳಿಗ್ಗೆ ಕೀಳ್ತಿದ್ರಲ್ಲ?"

"ಮೊದಲು ಹಂಗೇ. ಪಾರ್ಕಿನ ಹತ್ರ ನಾಯಿ ಕಾಟ ಶುರುವಾತಲ್ಲ, ಬೆಳಿಗ್ಗೆ ಒಬ್ಬರೇ ಹೋದ್ರೆ ಮೈಮೇಲೆ ಬರ್ತಾವೆ. ಅದಕ್ಕೇ ಸಂಜೆನೇ ಕಿತ್ತು, ಬಾಡಬಾರದು ಅಂತ ತಂಬಿಗೆ ನೀರಿನಾಗ ಹಾಕಿಡ್ತೀನಿ."

"ಬೆಳಿಗ್ಗೆ ಆ ನೀರು ಏನ್ಮಾಡ್ತೀರಿ?"

"ಏನ್ಮಾಡ್ತಾರವ್ವ? ಹೂ ತೆಗೆದು ಅದೇ ನೀರು ಲಿಂಗಕ್ಕೆ ಎರೀತೀನಿ. ತೀರ್ಥ ತಗೋತೀನಿ. ಚೆಲ್ಲಾಕ ಬರ್ತೈತೇನು?"

ಎಲ್ಲರಿಗೂ ಅವರವರ ಲಿಂಗ, ಅವರವರ ಪೂಜೆ. ಅತ್ತೆ ತಮ್ಮ ಪೂಜೆಯನ್ನು ಬಿಲ್ವಪತ್ರೆಯಿಟ್ಟು ಬೇಗ ಮುಗಿಸಿಕೊಂಡು ಅಡುಗೆಮನೆಗೆ ಹೋಗುತ್ತಿದ್ದರು. ಮಾವನ ತೀರ್ಥ ಮಾವನಿಗೆ ಮಾತ್ರ. ಆಸ್ಪತ್ರೆಯಲ್ಲಿದ್ದಾಗ ಪೂಜೆಯೂ ಇಲ್ಲ, ತೀರ್ಥವೂ ಇಲ್ಲ, ಅದಕ್ಕೇ ವಾಸಿಯಾಗುತ್ತಿದ್ದರು. ಕೆಂಗೇರಿಯಲ್ಲಿ ಸೇವಂತಿಗೆ ಇರುವವರೆಗೆ ಚೆನ್ನಾಗಿದ್ದರು. ನಾಯಿಗಳಿಗೆ ಹೆದರಿ ಬೆಳಗಿನ ಹೂವನ್ನು ಸಂಜೆಗೆ ಬದಲಿಸಿದ್ದೇ ಎಲ್ಲದರ ಬೇರು.

ಡಾಕ್ಟರಮ್ಮ ತಂಬಿಗೆಯೊಳಗೆ ಬಗ್ಗಿ ನೋಡಿದರು. ಫೋನಿನಲ್ಲಿ ಚಿತ್ರ ತೆಗೆದು ತಮಗಿಂತ ಹಿರಿಯರಾದ ಯಾರಿಗೋ ಕಳಿಸಿದರು, ಆ ಕಡೆ ಹೋಗಿ ಮಾತಾಡಿದರು. ಅವರು ವಾಪಸ್ಸು ಬರುವವರೆಗೆ ನಾನು, ನಾದಿನಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದೆವು, ಯಾವಾಗ ಹಿಡಿದೆವೋ ಗೊತ್ತಿಲ್ಲ.

"ಈ ಗಿಡದಲ್ಲಿರೋ ವಿಷಾನೂ ಆ ಮಾತ್ರೇನೂ ಒಂದೇ ಜಾತಿ" ಎಂದರು ಬಂದು. "ಹಾರ್ಟ್ ಮೇಲೆ ಎರಡೂ ಒಂದೇ ಥರ ಕೆಲಸ ಮಾಡ್ತವೆ. ನಮ್ಮ ಲ್ಯಾಬ್ ಮಷೀನಿಗೆ ವ್ಯತ್ಯಾಸ ಗೊತ್ತಾಗಲ್ಲ, ಹೂವಿನ ವಿಷ ಕಂಡ್ರೂ ಮಾತ್ರೆ ಅಂತಾನೇ ತೋರಿಸುತ್ತೆ. ಮಾತ್ರೆ ಇವರ ಮೈಯಲ್ಲಿ ಇರ್ಲೇ ಇಲ್ಲ." ಪೊಲೀಸರಿಗೂ ಹಾಗೆಯೇ ಬರೆದುಕೊಟ್ಟರು.

ಮಾವ ಆ ಮಾತನ್ನು ಕೇಳಿಸಿಕೊಂಡು ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ತೀರ್ಥ ವಿಷವಾಯಿತೆಂಬ ದುಃಖವಿರಬೇಕೆಂದು ನಾನು ಅಂದುಕೊಂಡೆ. ಆಮೇಲೆ, "ಅವಳು ಕೊಟ್ಟಿರಲಿಲ್ಲ" ಎಂದರು, ತಮಗೆ ತಾವೇ.

ಸ್ವಲ್ಪ ಓಡಾಡುವ ಶಕ್ತಿ ಬಂದ ತಕ್ಷಣ ಮಾವ ಹರಿಹರಕ್ಕೆ ಹೊರಟರು. ಜೊತೆಗೆ ನಾನು. ಅತ್ತೆಯ ತಮ್ಮನ ಮನೆಯ ಪಡಸಾಲೆಯಲ್ಲಿ ಕೂತು, ನೀರು ಕುಡಿದು, ಮಾವ ಎಲ್ಲವನ್ನೂ ಹೇಳಿದರು. ನಾಯಿ, ಕಣಗಿಲೆ, ತಂಬಿಗೆ, ಲ್ಯಾಬು. ಅತ್ತೆ ಬಾಗಿಲ ಚೌಕಟ್ಟಿಗೆ ಒರಗಿ ಕೇಳಿಸಿಕೊಂಡರು. ಮಧ್ಯೆ ಒಮ್ಮೆ, "ಈಗ ನಾಡಿ ಹೆಂಗೈತಿ?" ಎಂದು ನನ್ನನ್ನು ಕೇಳಿದರು. ಸರಿಯಾಗಿದೆ ಎಂದೆ.

"ಇನ್ನು ಬಾ ಮನೆಗೆ" ಎಂದರು ಮಾವ.

"ಹೂವಿನ ವಿಷ ಅಂತ ಗೊತ್ತಾತು, ಬಂದ್ರಿ" ಎಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ, ತರಗತಿಯಲ್ಲಿ ಲೆಕ್ಕ ಬಿಡಿಸುವಾಗ ಕೇಳುವ ಹಾಗೆ ಕೇಳಿದರು. "ಗೊತ್ತಾಗದೆ ಇದ್ದಿದ್ರೆ?"

ಮಾವ ನೆಲ ನೋಡುತ್ತಾ ಕೂತರು. ಮೇಲಿನ ಫ್ಯಾನು ಕಿರುಗುಟ್ಟುತ್ತಿತ್ತು. ಆಕೆ ಉತ್ತರಕ್ಕೆ ಕಾದರು, ನಿಜವಾಗಿಯೂ ಕಾದರು. ಕೊನೆಗೆ ಒಳಗೆ ಹೋಗಿ ನಮಗೆ ಎಲೆ ಹಾಕಿದರು. ನಾವು ಉಂಡು ಇಬ್ಬರೇ ವಾಪಸ್ಸು ಬಂದೆವು.

ಅತ್ತೆ ಇನ್ನು ಬರುವುದಿಲ್ಲ ಎಂದೇ ನಾನು ತಿಳಿದಿದ್ದೆ. ಮಾವ ಒಬ್ಬರೇ ಕೆಳಗೆ, ಬೆಳಿಗ್ಗೆ ಕೈ ಕಟ್ಟಿಕೊಂಡು ಗೇಟಿನ ಹತ್ತಿರ ನಿಲ್ಲುವುದು, ಮತ್ತೆ ಒಳಗೆ ಹೋಗುವುದು. ದಿನಾ ಫೋನು ಮಾಡುತ್ತಿದ್ದರು. ಆ ಕಡೆಯಿಂದ ಆಕೆ ಏನು ಹೇಳುತ್ತಿದ್ದರೋ, ಇವರು ಬರೀ "ಹೂಂ" ಎನ್ನುತ್ತಿದ್ದರು. ಮಳೆಗಾಲ ಹಿಡಿದುಕೊಂಡ ಮೇಲೆ ಒಂದು ಮಧ್ಯಾಹ್ನ ಗೇಟಿನ ಮುಂದೆ ಆಟೋ ನಿಂತಿತು. ಅತ್ತೆ ಬ್ಯಾಗು ಹಿಡಿದು ಇಳಿದರು. "ಹಾರ್ಟ್ ಡಾಕ್ಟರ್ ಹತ್ರ ತೋರಿಸೋದಿತ್ತು" ಎಂದರು. ತೋರಿಸಿಕೊಂಡರು. ವಾಪಸ್ಸು ಹೋಗುವ ಮಾತು ಎತ್ತಲಿಲ್ಲ. ನಾವೂ ಕೇಳಲಿಲ್ಲ.

ಆದರೆ ಮೊದಲ ದಿನದ ಊಟದಲ್ಲೇ ಒಂದು ಹೊಸ ಪದ್ಧತಿ ಶುರುವಾಯಿತು. ಎಲ್ಲರ ತಟ್ಟೆ ಇಟ್ಟು, ಬಡಿಸುವ ಮೊದಲು ಅತ್ತೆ ಒಂದು ಚಮಚ ತೆಗೆದುಕೊಂಡು ಪ್ರತಿಯೊಂದು ಪಾತ್ರೆಯಿಂದಲೂ ಸ್ವಲ್ಪ ಸ್ವಲ್ಪ ತಮ್ಮ ಅಂಗೈಗೆ ಹಾಕಿಕೊಂಡು, ನಮ್ಮೆಲ್ಲರ ಎದುರಿಗೆ ತಿನ್ನುತ್ತಿದ್ದರು. ಪಲ್ಯ, ಸಾರು, ಮೊಸರು, ಕೊನೆಗೆ ನೀರಿನ ಜಗ್ಗಿನಿಂದಲೂ ಒಂದು ಗುಟುಕು. ತಿಂದು, ಸ್ವಲ್ಪ ಹೊತ್ತು ನಿಂತು, ಆಮೇಲೆ ಬಡಿಸುತ್ತಿದ್ದರು. ಮಾವ ತಲೆ ತಗ್ಗಿಸಿಕೊಂಡು ಕಾಯುತ್ತಿದ್ದರು. ಸಂಜೆ ನನಗೆ ರೊಟ್ಟಿ ಕೊಡುವಾಗಲೂ ಅಂಚು ಮುರಿದು ತಾವು ಬಾಯಿಗೆ ಹಾಕಿಕೊಂಡೇ ಕೊಡುತ್ತಿದ್ದರು. "ಅತ್ತೆ, ಬೇಡ" ಎಂದೆ ಒಮ್ಮೆ. "ಇರಲಿ ಬಿಡವ್ವ" ಎಂದರು, ನಕ್ಕಂತೆ.

ನಾದಿನಿ ಬಹಳ ದಿನ ಈ ಕಡೆ ಬರಲೇ ಇಲ್ಲ. ಫೋನಿನಲ್ಲಿ ನನ್ನ ಹತ್ತಿರ ಎಲ್ಲ ಕೇಳುತ್ತಿದ್ದಳು, ಅತ್ತೆಗೆ ಫೋನು ಕೊಡಲಾ ಎಂದರೆ, "ಈಗ ಬೇಡ ಅತ್ತಿಗೆ, ಆಮೇಲೆ" ಎನ್ನುತ್ತಿದ್ದಳು. ನಾನು ಊಟದ ಹೊತ್ತಿನ ವಿಷಯವನ್ನೂ ಹೇಳಿದ್ದೆ. ಅವಳು ಕೇಳಿಸಿಕೊಂಡು ಫೋನು ಇಟ್ಟುಬಿಟ್ಟಿದ್ದಳು.

ದೀಪಾವಳಿಗೆ ಮುಂಚಿನ ಒಂದು ಭಾನುವಾರ, ಹೇಳದೆ ಕೇಳದೆ, ಮಧ್ಯಾಹ್ನದ ಊಟದ ಹೊತ್ತಿಗೆ ಒಬ್ಬಳೇ ಬಂದಳು. ಅತ್ತೆ ಇನ್ನೊಂದು ತಟ್ಟೆ ತಂದಿಟ್ಟರು. ನಾವೆಲ್ಲ ಕೂತೆವು. ಅತ್ತೆ ಎಂದಿನಂತೆ ಚಮಚಕ್ಕೆ ಕೈ ಹಾಕಿದರು. ನಾದಿನಿ ತನ್ನ ತಟ್ಟೆಯನ್ನು ಎತ್ತಿ ಪಲ್ಯದ ಪಾತ್ರೆಯ ಮುಂದೆ ಹಿಡಿದಳು.

"ನನಗೇ ಮೊದಲು ಹಾಕಿ" ಎಂದಳು. "ತುಂಬಾ ಹಸಿವಾಗಿದೆ."

ಅತ್ತೆಯ ಕೈ ಅಲ್ಲೇ ನಿಂತಿತು. ಅತ್ತೆ ಚಮಚವನ್ನು ಕೆಳಗಿಟ್ಟು, ಸೌಟು ತೆಗೆದುಕೊಂಡು, ಅವಳ ತಟ್ಟೆಗೆ ಬದನೆಕಾಯಿ ಪಲ್ಯ ಹಾಕಿದರು, ರೊಟ್ಟಿ ಹಾಕಿದರು. ನಾದಿನಿ ಯಾರಿಗೂ ಕಾಯದೆ ಒಂದು ದೊಡ್ಡ ತುತ್ತು ಮಾಡಿ ಬಾಯಿಗಿಟ್ಟುಕೊಂಡು ಜಗಿದಳು. ಕಣ್ಣಲ್ಲಿ ನೀರು ಬಂತು. ಖಾರವೂ ಇತ್ತು.

"ನೀರು ಕುಡಿ" ಎಂದರು ಅತ್ತೆ, ಅವಳ ಕಡೆ ಲೋಟ ಸರಿಸುತ್ತಾ.

ಅಷ್ಟಕ್ಕೇ ಎಲ್ಲ ಮುಗಿಯಲಿಲ್ಲ. ಮರುದಿನ ಅತ್ತೆ ಮತ್ತೆ ಚಮಚ ತೆಗೆದುಕೊಂಡರು, ಅದರ ಮರುದಿನವೂ. ಆಮೇಲೆ ಒಂದು ದಿನ ಬಿಟ್ಟು ಒಂದು ದಿನವಾಯಿತು. ಆಮೇಲೆ ಹೊಸ ಅಡುಗೆ ಮಾಡಿದಾಗ ಮಾತ್ರ. ಅದು ಉಪ್ಪು ನೋಡುವುದಕ್ಕೋ ಇನ್ಯಾವುದಕ್ಕೋ ನಾನು ಕೇಳುವುದಿಲ್ಲ.